ಮೂವತ್ತೊಂದನೇ ಕಲ್ಲಿನ ಕೆಳಗೆ

ಜೆಡ್ಡಾ
12 ಜನವರಿ 1987

ಅಕಾಂಗ್ ಓಡಾಂಗ್ ಅವರಿಗೆ ತಂಗಿ ರುಕೋಯಾಳ ಸಲಾಮ್.

ನಾನು ಗಟ್ಟಿಯಾಗಿದ್ದೇನೆ, ಸೊಂಟ ಒಂದನ್ನು ಬಿಟ್ಟು. ಈ ಮನೆಯಲ್ಲಿ ಹದಿನಾಲ್ಕು ಕೋಣೆ, ಏಳು ಮಕ್ಕಳು, ಗುಡಿಸಿ ಒರೆಸುವವಳು ನಾನೊಬ್ಬಳೇ. ಯಜಮಾನಿ ಕೆಟ್ಟವಳಲ್ಲ, ಆದರೆ ಬೆಳಿಗ್ಗೆ ತೆರೆದ ಬಾಯಿ ಮಲಗುವವರೆಗೆ ಮುಚ್ಚುವುದಿಲ್ಲ. ಇಲ್ಲಿ ನೀರು ಲಾರಿಯಲ್ಲಿ ಬರುತ್ತದೆ ಅಕಾಂಗ್! ಚಿಹೆರಾಂಗ್ ತೊರೆಯ ದಂಡೆಯಲ್ಲಿ ಹುಟ್ಟಿ ಬೆಳೆದವಳು ಬಕೆಟ್ ಹಿಡಿದು ಲಾರಿಗೆ ಕಾಯುತ್ತಾಳೆ ಅಂತ ನಿಮ್ಮ ಕೆಲಸದ ಗೆಳೆಯರ ಮುಂದೆಲ್ಲ ಹೇಳಿ ನಗಬೇಡಿ.

ತಿತಿನ್ ಯಾಕೆ ಎರಡು ತಿಂಗಳಿಂದ ಬರೆದಿಲ್ಲ? ಹದಿನೇಳು ತುಂಬಿದ ಕೂಡಲೇ ತಾಯಿ ಬೇಡವಾದಳೋ? ನೀವೇ ಸಲಿಗೆ ಕೊಟ್ಟು ಕೆಡಿಸಿದ್ದೀರಿ. ಇನ್ನೂ ನಿಮಗೆ ಬುತ್ತಿ ಹೊತ್ತುಕೊಂಡು ತೊರೆಯ ದಾರಿ ಹತ್ತುತ್ತಾಳಂತೆ, ಹಲೀಮಾ ಅತ್ತಿಗೆ ಬರೆದಿದ್ದರು. ಅಲ್ಲಾ, ರಾಷ್ಟ್ರೀಯ ಉದ್ಯಾನದ ಕೆಲಸ ಅಂತ ಸಮವಸ್ತ್ರ ಹಾಕಿಕೊಂಡು ಮೆರೆಯುವವರಿಗೆ ಬೆಳಿಗ್ಗೆ ಹೋಗುವಾಗ ಒಂದು ಗಂಟು ಅನ್ನ ಕೈಯಲ್ಲಿ ಹಿಡಿದು ಹೋಗಲು ಆಗುವುದಿಲ್ಲವೇ? ಈ ವರ್ಷ ಅವಳಿಗೆ ಪರೀಕ್ಷೆ. ಅವಳು ಟೀಚರ್ ಆಗಬೇಕು. ನಾನು ಇಲ್ಲಿ ಕಂಡವರ ಪಾಯಿಖಾನೆ ತೊಳೆಯುತ್ತಿರುವುದು ಅದೊಂದಕ್ಕೇ.

ಚಿಕ್ಕವಳು ಪೀಪಿತ್‌ಗೆ ಮುಂದಿನ ಹಲ್ಲು ಬಂದವಾ? ಏಳು ವರ್ಷಕ್ಕೆ ಬೊಚ್ಚುಬಾಯಿ ಅಂತ ಯಾರೂ ರೇಗಿಸದಂತೆ ನೋಡಿಕೊಳ್ಳಿ.

ಡಿಸೆಂಬರಿಗೆ ನನ್ನ ಕರಾರು ಮುಗಿಯುತ್ತದೆ. ಈ ಮಕ್ಕಳ ಅಪ್ಪ ತೀರಿಕೊಂಡ ದಿನ ನೀವು “ಇನ್ಮೇಲೆ ಇವು ನನ್ನ ಮಕ್ಕಳು, ನೀನು ಧೈರ್ಯವಾಗಿ ಹೋಗಿ ಬಾ” ಅಂದಿರಿ. ಆ ಮಾತಿನ ಮೇಲೆಯೇ ನಾನು ವಿಮಾನ ಹತ್ತಿದ್ದು.

ನಿಮ್ಮ ತಂಗಿ,
ರುಕೋಯಾ


ಪಸಿರ್ ಹೌರ್
3 ಫೆಬ್ರವರಿ 1987

ನೆಂಗ್ ರುಕೋಯಾ,

ಕೂತುಕೊಂಡು ಓದಮ್ಮ. ಹತ್ತಿರದಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದರೆ ಕರೆದು ಪಕ್ಕದಲ್ಲಿ ಕೂರಿಸಿಕೋ.

ತಿತಿನ್ ನಮ್ಮನ್ನು ಬಿಟ್ಟು ಹೋದಳು. ನೀನು ಹನ್ನೆರಡನೇ ತಾರೀಖು ಬರೆದ ಕಾಗದ ಬರುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಎರಡೂವರೆ ವಾರವಾಗಿತ್ತು.

ಜನವರಿ ಆರು, ಮಂಗಳವಾರ. ನಾನು ಮೂರನೇ ಸೇತುವೆಯ ಹತ್ತಿರ ದಾರಿಗೆ ಕಲ್ಲು ಕೂರಿಸುತ್ತಿದ್ದೆ. ಅವಳು ಬುತ್ತಿ ತರುತ್ತಿದ್ದಳು. ಕೆಳಗೆ ಬಿಸಿಲಿದ್ದರೂ ಮೇಲೆ ಮಳೆ ಹೊಡೆದಿತ್ತು. ತೊರೆ ಒಮ್ಮೆಲೇ ಉಕ್ಕಿ ಬಂದು ಎರಡನೇ ಸೇತುವೆಯ ಹಲಗೆಗಳನ್ನು ಎಳೆದುಕೊಂಡು ಹೋಯಿತು. ಸೇತುವೆ ದಾಟಿ ಬಂದಿದ್ದವಳಿಗೆ ಹಿಂದೆ ಹೋಗಲು ದಾರಿ ಇರಲಿಲ್ಲ. ಮುಂದೆ ದಾರಿಯ ಮೇಲೆಯೇ ನೀರು. ದಂಡೆ ಹಿಡಿದು ಸುತ್ತಿ ಬರಲು ನೋಡಿದ್ದಾಳೆ. ನೂರು ಮೀಟರಿಗೊಂದರಂತೆ ನಾವು ನೆಟ್ಟ ಗುರುತಿನ ಕಲ್ಲುಗಳಿವೆಯಲ್ಲ, ಅದರಲ್ಲಿ ಮೂವತ್ತೊಂದನೆಯದರ ಕೆಳಗೆ ಜಾರಿ ಬಿದ್ದಳು.

ಮಂಜು ಕವಿದು ಹುಡುಕುವುದು ತಡವಾಯಿತು. ಗುರುವಾರ ಬೆಳಿಗ್ಗೆ ಸಿಕ್ಕಿದಳು. ಬಿದ್ದ ಕ್ಷಣವೇ ತಲೆಗೆ ಪೆಟ್ಟಾಗಿ ಪ್ರಾಣ ಹೋಗಿದೆ, ಅವಳಿಗೆ ಏನೂ ಗೊತ್ತಾಗಿಲ್ಲ. ಮುಖ ಶಾಂತವಾಗಿತ್ತು.

ಊರಿಗೆ ಊರೇ ಬಂದಿತ್ತು. ಏಳನೇ ದಿನದ ಪ್ರಾರ್ಥನೆ ಆಯಿತು, ನಲವತ್ತನೆಯದನ್ನೂ ಮಾಡುತ್ತೇವೆ. ಪೀಪಿತ್ ಮಲಗುವಾಗ ಈಗಲೂ ಎರಡು ಚಾಪೆ ಹಾಸುತ್ತಾಳೆ. ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂತ ಕೇಳಬೇಡ. ನನ್ನ ಕೈ ಏಳಲಿಲ್ಲ.

ನಿನ್ನ ಅಣ್ಣ,
ಓಡಾಂಗ್


ಜೆಡ್ಡಾ
1 ಮಾರ್ಚ್ 1987

ಅಕಾಂಗ್,

ನಿಮ್ಮ ಕಾಗದ ಬಂದು ಎಂಟು ದಿನವಾಯಿತು. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಓದುತ್ತಾ ನಿಂತಿದ್ದೆನಂತೆ. ಹೊಗೆ ಕಂಡು ಯಜಮಾನಿ ಬೈಯಲು ಓಡಿ ಬಂದವಳು ನನ್ನ ಮುಖ ನೋಡಿ ಪೆಟ್ಟಿಗೆಯನ್ನು ತಾನೇ ಎತ್ತಿಟ್ಟಳು. ಊರಿಗೆ ಕಳಿಸು ತಾಯಿ ಅಂತ ಕಾಲು ಹಿಡಿದೆ. “ಸತ್ತವಳು ನಿನಗೋಸ್ಕರ ಕಾಯ್ತಾಳಾ? ಡಿಸೆಂಬರಿಗೆ ಹೋಗುವೆಯಂತೆ” ಅಂದಳು. ನನ್ನ ಪಾಸ್‌ಪೋರ್ಟು ಅವಳ ಬೀರುವಿನಲ್ಲಿದೆ, ಕೀಲಿ ಅವಳ ಕುತ್ತಿಗೆಯಲ್ಲಿದೆ. ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಒಂದು ಹಿಡಿ ಮಣ್ಣು ಹಾಕಲು ಕೂಡ ನನಗೆ ಆಗಲಿಲ್ಲ.

ಅವಳಿಗೆ ಏನೂ ಗೊತ್ತಾಗಿಲ್ಲ ಅಂತ ಬರೆದಿದ್ದೀರಿ. ಆ ಒಂದು ಸಾಲನ್ನು ಹಿಡಿದುಕೊಂಡು ಬದುಕಿದ್ದೇನೆ ಅಕಾಂಗ್. ಇಲ್ಲದಿದ್ದರೆ ಈ ಮನೆಯ ತಾರಸಿಯಿಂದ ಎಂದೋ ಹಾರಿಬಿಡುತ್ತಿದ್ದೆ, ದೇವರಾಣೆ.

ಆದರೆ ನಮ್ಮ ಬೆಟ್ಟ ಸುಮ್ಮಸುಮ್ಮನೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಅವಳು ಏನು ತಪ್ಪಿದಳು? ಮಾಡಬಾರದ್ದನ್ನೆಲ್ಲ, ಪಮಾಲಿಗಳನ್ನೆಲ್ಲ, ನಾನೇ ಕೂರಿಸಿಕೊಂಡು ಹೇಳಿಕೊಟ್ಟಿದ್ದೆ. ತೊರೆಗೆ ಉಗುಳಬಾರದು. ದಾರಿಯಲ್ಲಿ ಶಿಳ್ಳೆ ಹಾಕಬಾರದು. ಜಿಗಣೆ ಕಚ್ಚಿದರೂ ಬೈಯಬಾರದು. ಎಲ್ಲಕ್ಕಿಂತ ದೊಡ್ಡದು, ಕಾಡಿನೊಳಗೆ ಯಾರಾದರೂ ಹೆಸರು ಹಿಡಿದು ಕೂಗಿದರೆ ಓಗೊಡಬಾರದು. ಬೆಟ್ಟದ ಮೇಲೆ ಮನುಷ್ಯರು ಯಾರೂ ಹೆಸರು ಕೂಗುವುದಿಲ್ಲ, ಊ ಅನ್ನುತ್ತಾರೆ, ಬಿದಿರು ಬಡಿಯುತ್ತಾರೆ. ಹೆಸರು ಕೂಗುವುದು ಮನುಷ್ಯರಲ್ಲ. ಅವಳು ಐದು ವರ್ಷದವಳಿದ್ದಾಗ ಹಿತ್ತಲಿನ ಬಿದಿರುಮೆಳೆಯಲ್ಲಿ ಅಡಗಿಕೊಂಡು ನಾನೇ “ತಿತಿನ್, ತಿತಿನ್” ಅಂತ ಕೂಗಿ ಪರೀಕ್ಷೆ ಮಾಡಿದ್ದೆ. “ಏನ್ ಎಮಾಕ್?” ಅಂತ ಓಡಿ ಬಂದಳು. ಬಾಸುಂಡೆ ಬರುವಂತೆ ಹೊಡೆದೆ. ಬಾಯಿ ತಪ್ಪಿ ಓ ಅಂದುಬಿಟ್ಟಾಳು ಅಂತ ತಲೆವಸ್ತ್ರದ ತುದಿಯನ್ನು ಕಚ್ಚಿಕೊಳ್ಳುವುದನ್ನು ಕಲಿಸಿದೆ. ಕೂಗಿದವರ ಮುಖ ಕಣ್ಣಿಗೆ ಕಾಣುವವರೆಗೆ ಕಚ್ಚಿದ ಹಲ್ಲು ಸಡಿಲಿಸಬಾರದು ಅಂತ ಆಣೆ ಹಾಕಿಸಿಕೊಂಡೆ. ಆಮೇಲೆ ಹತ್ತು ಸಲ ಪರೀಕ್ಷೆ ಮಾಡಿದರೂ ಒಂದು ಸಲವೂ ತಪ್ಪಲಿಲ್ಲ, ನನ್ನ ಬಂಗಾರ.

ಅಷ್ಟು ಚೆನ್ನಾಗಿ ಕಲಿತವಳು ಎಲ್ಲಿ ತಪ್ಪಿದಳು? ನಿಮಗೆ ಗೊತ್ತಿದ್ದರೆ ಬರೆಯಿರಿ. ಪೀಪಿತ್‌ಗೂ ಇದನ್ನೆಲ್ಲ ಈಗಲೇ ಕಲಿಸಿ. ಉಳಿದಿರುವವಳು ಅವಳೊಬ್ಬಳು.

ರುಕೋಯಾ


ಪಸಿರ್ ಹೌರ್
29 ಮಾರ್ಚ್ 1987

ನೆಂಗ್,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಬರೆಯುವಾಗಲೇ ಅದು ಗೊತ್ತು. ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಅವಳು ಮಂಗಳವಾರ ಸಾಯಲಿಲ್ಲ. ಗುರುವಾರ ಬೆಳಿಗ್ಗೆ ನಾನು ಮುಟ್ಟಿದಾಗ ಕಂಕುಳು ಇನ್ನೂ ಬೆಚ್ಚಗಿತ್ತು. ತಲೆಗೆ ಏನೂ ಆಗಿರಲಿಲ್ಲ. ಕಾಲು ಮುರಿದಿತ್ತು, ಮೈಯೆಲ್ಲ ನೆನೆದು ಚಳಿಗೆ ಹೋದಳು. ಬಂಡೆಯ ಚಾಚಿನ ಕೆಳಗೆ ತೆವಳಿಕೊಂಡು ಹೋಗಿ ಕೂತಿದ್ದಳು. ನನಗೆ ತಂದ ಅನ್ನದಲ್ಲಿ ಅರ್ಧ ತಿಂದು, ಇನ್ನರ್ಧವನ್ನು ಉಪ್ಪುಮೀನಿನ ಸಮೇತ ಮತ್ತೆ ಎಲೆಯಲ್ಲಿ ಕಟ್ಟಿ ಇಟ್ಟಿದ್ದಳು. ಯಾರಿಗೆ ಇಟ್ಟಳು, ನನಗೋ?

ಅವತ್ತು ಬೆಳಿಗ್ಗೆ ನಾನು ಅವಳಿಗೆ ಹೊಡೆದಿದ್ದೆ. ಪರೀಕ್ಷೆಗೆ ಕೂರುವುದಿಲ್ಲ, ಜೆಡ್ಡಾಕ್ಕೆ ಹೋಗುತ್ತೇನೆ ಅಂತ ಹಟ ಹಿಡಿದಳು. “ಎಮಾಕ್ ಒಬ್ಳೇ ಅಲ್ಲಿ ಸಾಯ್ತಿದಾಳೆ. ನಿಮಗೇನ್ ಗೊತ್ತು ಊವಾ? ಈ ತೊರೆ ಬಿಟ್ಟು ಎಲ್ಲಿಗಾದ್ರೂ ಹೋಗಿದೀರಾ ನೀವು?” ಅಂದಳು. ಕೆನ್ನೆಗೆ ಬಾರಿಸಿದೆ. ಹುಟ್ಟಿದಾಗಿನಿಂದ ಅದೊಂದೇ ಸಲ. ಬುತ್ತಿ ಬೇಡ ಅಂತ ಬಿರುಸಿನಿಂದ ಮೇಲೆ ಹೋದೆ. ಮಧ್ಯಾಹ್ನ ಅವಳೇ ಅನ್ನ ಕಟ್ಟಿಕೊಂಡು ನನ್ನ ಹಿಂದೆ ಹತ್ತಿದಳು, ಈ ಪಾಪಿಗೆ ಹಸಿವಾಗುತ್ತದೆ ಅಂತ.

ಹುಡುಕಲು ನಲವತ್ತು ಜನ ಸೇರಿದ್ದೆವು. ನಮ್ಮ ಹಳಬರು ಬಿದಿರು ಬಡಿಯುತ್ತಾ ಊ ಅಂತ ಶುರುಮಾಡಿದರು. ಪಟ್ಟಣದಿಂದ ಹೊಸದಾಗಿ ಬಂದ ಸಾಹೇಬ ತಡೆದ. “ಏನ್ರಯ್ಯಾ ಇದು ನರಿ ಕೂಗ್ದಂಗೆ! ಆ ಹುಡುಗಿಗೊಂದು ಹೆಸರಿಲ್ವಾ? ಹೆಸರು ಹಿಡಿದು ಕರೀರಿ” ಅಂದ. ಮುದುಕ ಸರ್ಮಾದ್, “ಬೆಟ್ಟದ ಮೇಲೆ ಹೆಸರು ಕೂಗಬಾರದು ಸಾಹೇಬ್ರೇ” ಅಂತ ಗೊಣಗಿದ. ಸಾಹೇಬನ ಕಡೆಯವರೆಲ್ಲ ನಕ್ಕರು. ಇಪ್ಪತ್ತೆರಡು ವರ್ಷ ಆ ದಾರಿಯಲ್ಲಿ ಬೆನ್ನು ಬಗ್ಗಿಸಿದ ನಾನು ಮುದುಕನ ಪರವಾಗಿ ಒಂದು ಮಾತು ಆಡಲಿಲ್ಲ. ಹಳೆಯ ಕಾಲದವರ ಮಾತು, ಶಾಲೆಗೆ ಹೋಗುವ ಹುಡುಗಿ ಅದನ್ನೆಲ್ಲ ನಂಬುತ್ತಾಳಾ ಅಂತ ನಾನೂ ಅಂದುಕೊಂಡೆ. ಕೈಮೈಕನ್ನು ನನಗೇ ಕೊಟ್ಟರು, “ನಿನ್ನ ದನಿ ಅವಳಿಗೆ ಗುರುತು ಸಿಗುತ್ತೆ” ಅಂತ. ಆ ಡಬ್ಬಿಯಿಂದ ಹೊರಗೆ ಬಂದದ್ದು ನನ್ನ ದನಿಯೇ ಅಲ್ಲ ನೆಂಗ್. ಮಂಜಿನಲ್ಲಿ ಬಂಡೆಗಳಿಗೆ ಬಡಿದು ನಾಲ್ಕೂ ಕಡೆಯಿಂದ “ತಿತಿನ್, ತಿತಿನ್” ಅಂತ ತಿರುಗಿ ಬರುತ್ತಿತ್ತು. ನನಗೇ ಮೈ ಜುಮ್ಮೆಂದಿತ್ತು. ಎರಡು ದಿನದಲ್ಲಿ ಒಂಬತ್ತು ಸಲ ಆ ಮೂವತ್ತೊಂದನೇ ಕಲ್ಲನ್ನು ದಾಟಿದೆ. ಅಲ್ಲಿಯೇ ನಿಂತು ಕೂಗಿದೆ. ಅವಳು ಹತ್ತು ಮಾರು ಕೆಳಗೆ ಕೂತಿದ್ದಳು.

ನಾನು ಮೊದಲು ಇಳಿದೆ. ಅವಳ ಹಲ್ಲುಗಳ ನಡುವೆ ತಲೆವಸ್ತ್ರದ ತುದಿ ಇತ್ತು. ದವಡೆ ಒತ್ತಿ ಬಿಡಿಸಬೇಕಾಯಿತು. ಉಳಿದವರು ಬರುವುದರೊಳಗೆ ಅದನ್ನು ಅಂಗಿಯೊಳಗೆ ಸೇರಿಸಿದೆ. ಹಲೀಮಾಗೂ ತೋರಿಸಿಲ್ಲ. ನನಗೆ ಅರ್ಥವಾದದ್ದು ಒಂದೇ: ನನ್ನ ಕೈಗೆ ಸಿಕ್ಕರೆ ಮತ್ತೆ ಹೊಡೆಯುತ್ತೇನೆ ಅಂತ, ಅಳುವ ಸದ್ದು ಕೇಳಿಸದಂತೆ ಬಟ್ಟೆ ಕಚ್ಚಿಕೊಂಡಿದ್ದಾಳೆ. ಬಟ್ಟೆಯ ವಿಷಯ ಗೊತ್ತಿಲ್ಲದಿದ್ದರೂ ಊರವರು ಅದನ್ನೇ ಮಾತಾಡುತ್ತಾರೆ. ಅಷ್ಟು ಹತ್ತಿರ ಇದ್ದು ಓಗೊಡಲಿಲ್ಲ ಅಂದರೆ ಅವನಿಗೆ ಎಷ್ಟು ಹೆದರಿದ್ದಳೋ ಅಂತ. ನಾನು ಹೋದರೆ ಚಹಾದಂಗಡಿಯಲ್ಲಿ ಮಾತು ನಿಲ್ಲುತ್ತದೆ.

ನಿನ್ನೆ ನಿನ್ನ ಕಾಗದ ಬಂತು. ತಲೆವಸ್ತ್ರದ ಸಾಲು ಓದಿದಾಗ ನನಗೆ ಮೊದಲು ಏನಾಯಿತು ಗೊತ್ತೇ? ಸಂತೋಷವಾಯಿತು. ದೇವರು ನನ್ನನ್ನು ಕ್ಷಮಿಸಲಿ, ಸಂತೋಷವಾಯಿತು. ಅವಳು ನನಗೆ ಹೆದರಿರಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಎರಡು ತಟ್ಟೆ ಅನ್ನ ಉಂಡೆ. ಹಲೀಮಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಎದ್ದು ಕೈ ತೊಳೆಯುವಾಗ ನಿನ್ನ ಮುಖ ನೆನಪಾಯಿತು, ಉಂಡದ್ದೆಲ್ಲ ಅಲ್ಲೇ ವಾಂತಿಯಾಯಿತು.

ನಾನು ಕಳಂಕದಿಂದ ಹೊರಗೆ ಬರಬೇಕಾದರೆ ನೀನು ಕಲಿಸಿದ್ದೇ ಅವಳ ಪ್ರಾಣ ತೆಗೆಯಿತು ಅಂತ ನಿನಗೆ ಬರೆಯಬೇಕು. ನೀನು ಅಲ್ಲಿ ಒಬ್ಬಳೇ ಇದ್ದೀಯ, ತಾರಸಿಯ ಮಾತು ಬರೆದಿದ್ದೀಯ. ನನ್ನ ಕೈಯಲ್ಲಿ ಆಗುವುದಿಲ್ಲ.


ಪಸಿರ್ ಹೌರ್
30 ಮಾರ್ಚ್ 1987

ನೆಂಗ್ ರುಕೋಯಾ,

ಕಾಗದ ಮುಟ್ಟಿತು. ತಿತಿನ್ ಯಾವ ಪಮಾಲಿಯನ್ನೂ ಮುರಿಯಲಿಲ್ಲ. ನೀನು ಕಲಿಸಿದ್ದರಲ್ಲಿ ಯಾವ ಕೊರತೆಯೂ ಇರಲಿಲ್ಲ. ನೆಲ ಒದ್ದೆಯಾಗಿತ್ತು, ಕಾಲು ಜಾರಿತು, ಅಷ್ಟೇ. ಇದರ ಬಗ್ಗೆ ಹೆಚ್ಚು ಯೋಚಿಸಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ಪೀಪಿತ್ ಚೆನ್ನಾಗಿದ್ದಾಳೆ, ಮುಂದಿನ ಎರಡು ಹಲ್ಲು ಬಂದಿವೆ.

ಓಡಾಂಗ್


ಜೆಡ್ಡಾ
21 ಜೂನ್ 1987

ಓಡಾಂಗ್,

ಅಣ್ಣ ಅಂತ, ಅಕಾಂಗ್ ಅಂತ ಬರೆಯಲು ಕೈ ಬರುತ್ತಿಲ್ಲ.

ನಮ್ಮ ಕೆಳಗಿನ ಹಳ್ಳಿಯ ಮುನಾ ಇಲ್ಲಿ ಮೂರನೇ ಮನೆಗೆ ಕೆಲಸಕ್ಕೆ ಬಂದಿದ್ದಾಳೆ. ಊರಿನ ಮುಖ ಕಂಡೆ ಅಂತ ತಬ್ಬಿಕೊಂಡೆ. “ಅಯ್ಯೋ ತೆಹ್, ಅಕ್ಕಾ, ನಿಮಗೆ ಯಾರೂ ಹೇಳಿಲ್ವಾ?” ಅಂತ ಶುರುಮಾಡಿದಳು. “ಎರಡು ದಿನ ಜೀವ ಇತ್ತಂತೆ. ಅವತ್ತು ಬೆಳಿಗ್ಗೆ ಅವಳ ಊವಾ ಹೊಡೆದಿದ್ನಂತೆ, ಪಕ್ಕದ ಮನೆಯವರೇ ಕೇಳಿಸ್ಕೊಂಡಿದಾರೆ. ಅವನು ಕೂಗ್ತಾ ಬಂದ್ರೆ ಇದು ಹೆದರಿ ಬಂಡೆ ಕೆಳಗೆ ಬಚ್ಚಿಟ್ಕೊಂಡಿತ್ತಂತೆ ತೆಹ್!”

ಎರಡು ದಿನ! ಏನೂ ಗೊತ್ತಾಗಿಲ್ಲ ಅಂತ ಬರೆದೆಯಲ್ಲ, ಮುಖ ಶಾಂತವಾಗಿತ್ತು ಅಂತ ಬರೆದೆಯಲ್ಲ, ನಿನ್ನ ಕೈಗೆ ಹುಳ ಬೀಳಲಿಲ್ಲವೇ? ಏನು ಮಾಡಿದೆ ನನ್ನ ಮಗಳಿಗೆ? ಕಾಲು ಮುರಿದುಕೊಂಡು ಚಳಿಯಲ್ಲಿ ಬೇಕಾದರೂ ಸಾಯುತ್ತೇನೆ, ಇವನ ಕೈಗೆ ಸಿಗಲಾರೆ ಅನ್ನುವಷ್ಟು ಏನು ಮಾಡಿದೆ? ಎಷ್ಟು ವರ್ಷದಿಂದ ಹೊಡೆಯುತ್ತಿದ್ದೆ? ನಾನು ಇಲ್ಲಿ ಪ್ರತಿ ನಮಾಜಿನಲ್ಲಿ ನಿನ್ನ ಹೆಸರು ಹೇಳಿ ಬೇಡಿಕೊಳ್ಳುತ್ತಿದ್ದೆ, ಥೂ.

ಪೀಪಿತ್ ಇನ್ನು ಒಂದು ದಿನವೂ ನಿನ್ನ ಮನೆಯಲ್ಲಿ ಇರಕೂಡದು. ಸುಕಬೂಮಿಯಲ್ಲಿರುವ ನನ್ನ ಅತ್ತೆಗೆ ಬರೆದಿದ್ದೇನೆ. ಅವರು ಬಂದಾಗ ತುಟಿ ಬಿಚ್ಚದೆ ಕಳಿಸು. ಮುನಾ ಹೇಳಿದ್ದು ಸುಳ್ಳಾದರೆ ಸುಳ್ಳು ಅಂತ ಒಂದು ಸಾಲು ಬರೆ. ದೇವರೇ, ಸುಳ್ಳು ಅಂತ ಬರೆಯಲಿ.

ರುಕೋಯಾ


ಪಸಿರ್ ಹೌರ್
16 ಜುಲೈ 1987

ನೆಂಗ್,

ಮುನಾ ಹೇಳಿದ್ದು ನಿಜ. ಹೊಡೆದೆ. ಅವಳು ನನಗೆ ಹೆದರಿ ಓಗೊಡಲಿಲ್ಲ. ಬೇರೆ ಯಾವ ಕಾರಣವೂ ಇಲ್ಲ, ಹುಡುಕಲು ಹೋಗಬೇಡ. ನಿನಗೆ ಸುಳ್ಳು ಬರೆದದ್ದು ನನ್ನ ಹೇಡಿತನ.

ಪೀಪಿತ್‌ಳ ಅಜ್ಜಿ ಸೋಮವಾರ ಬಂದು ಕರೆದುಕೊಂಡು ಹೋದರು. ನೀನು ಹೇಳಿದಂತೆ ನಾನು ಏನೂ ಮಾತಾಡಲಿಲ್ಲ. ಹಲೀಮಾಗೆ ಮಾತ್ರ ತಡೆಯಲಾಗಲಿಲ್ಲ. ಬಸ್ಸಿನ ಹಿಂದೆ ಮಸೀದಿಯವರೆಗೆ ಓಡಿದಳು. ನಮಗೆ ದೇವರು ಮಕ್ಕಳನ್ನು ಕೊಡಲಿಲ್ಲ, ನೀನು ಕೊಟ್ಟಿದ್ದೆ. ಈಗ ಅವಳು ಅಡುಗೆಮನೆಯಲ್ಲಿ ಉಣ್ಣುತ್ತಾಳೆ, ನಾನು ಜಗಲಿಯಲ್ಲಿ ಉಣ್ಣುತ್ತೇನೆ. ಎದುರುಬದುರು ಕೂರಲು ಇಬ್ಬರಿಗೂ ಆಗುವುದಿಲ್ಲ.

ಕೆಲಸ ಬಿಟ್ಟಿಲ್ಲ. ಆ ಕಲ್ಲಿನ ಹತ್ತಿರ ದಂಡೆಗೆ ಮೆಟ್ಟಿಲು ಕಟ್ಟಿ ಕಬ್ಬಿಣದ ಹಿಡಿಕೆ ಹಾಕುತ್ತಿದ್ದೇನೆ. ಬೆಟ್ಟ ಹತ್ತಲು ಬರುವ ಕಾಲೇಜು ಹುಡುಗ ಹುಡುಗಿಯರು “ಪಾಕ್, ತುದಿ ಇನ್ನೆಷ್ಟು ದೂರ?” ಅಂತ ಕೇಳಿ ನಗುತ್ತಾ ಹೋಗುತ್ತಾರೆ. ನಾನು ದೂರ ಹೇಳುತ್ತೇನೆ, ಅವರು ಹತ್ತುತ್ತಾರೆ.

ನನ್ನನ್ನು ಕ್ಷಮಿಸಬೇಡ. ಆದರೆ ಬದುಕಿ ಊರಿಗೆ ಬಾ. ಪೀಪಿತ್‌ಗೆ ನೀನು ಬೇಕು.

ಓಡಾಂಗ್


ಸುಕಬೂಮಿ
7 ಜನವರಿ 1988

ಅಕಾಂಗ್,

ಬಂದು ಒಂಬತ್ತು ದಿನವಾಯಿತು. ನಿಮಗೆ ಇನ್ನೆಂದೂ ಬರೆಯುವುದಿಲ್ಲ ಅಂತ ಅಂದುಕೊಂಡಿದ್ದೆ.

ಬಂದ ದಿನ ಗೇಟಿನಲ್ಲಿ ನಿಂತು “ಪೀಪಿತ್” ಅಂತ ಕರೆದೆ. ಒಳಗಿನಿಂದ “ಇಲ್ಲಿದೀನಿ! ಇಲ್ಲೇ ಇದೀನಿ!” ಅಂತ ಎಂಥಾ ಕಿರುಚಾಟ! ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಅತ್ತೆ ಕಿವಿ ಮುಚ್ಚಿಕೊಂಡು “ಬಂದಾಗಿನಿಂದ ಹೀಗೇ ಕಣೇ. ಯಾರ್ ಕರೆದ್ರೂ ಮನೆ ಹಾರಿಹೋಗೋ ಹಾಗೆ ಕೂಗ್ತಾಳೆ, ಬೈದು ಬೈದು ಸಾಕಾಯ್ತು” ಅಂದರು. ನಾನು ನಕ್ಕೆ. ಒಂದು ವರ್ಷದಿಂದ ನಕ್ಕಿರಲಿಲ್ಲ.

ನಿನ್ನೆ ತಲೆ ಬಾಚುತ್ತಾ ಯಾರು ಕಲಿಸಿದ್ದು ಅಂತ ಕೇಳಿದೆ. “ಊವಾ” ಅಂದಳು. “ಭಾನುವಾರ ಭಾನುವಾರ ತೊರೆ ಹತ್ರ ಕರ್ಕೊಂಡು ಹೋಗ್ತಿದ್ರು. ನಾನು ಬಂಡೆ ಹಿಂದೆ ಕೂರ್ಬೇಕು, ಅವರು ದೂರದಿಂದ ನನ್ನ ಹೆಸರು ಕೂಗೋರು. ನಾನು ಜೋರಾಗಿ ಕೂಗಿ ಹೇಳ್ಬೇಕು. ಎಮಾಕ್ ಅಕ್ಕನಿಗೆ ಹೇಳ್ಕೊಟ್ಟಿದ್ದನ್ನ ಮರೆತುಬಿಡು, ದೆವ್ವನೇ ಕರೆದ್ರೂ ಓ ಅನ್ನು ಅಂದ್ರು. ಆಮೇಲೆ ಅಳ್ತಿದ್ರು.” ನಿನಗೆ ಊವಾ ಅಂದರೆ ಹೆದರಿಕೆ ಇತ್ತಾ ಅಂತ ಕೇಳಿದೆ. “ಯಾಕ್ ಹೆದರ್ಬೇಕು? ಅಕ್ಕನೂ ಹೆದರ್ತಿರ್ಲಿಲ್ಲ” ಅಂದಳು. ಬಾಚಣಿಗೆ ಅವಳ ಕೂದಲಿನಲ್ಲಿಯೇ ಉಳಿಯಿತು.

ಬೇರೆ ಯಾವ ಕಾರಣವೂ ಇಲ್ಲ, ಹುಡುಕಬೇಡ ಅಂತ ಬರೆದಿದ್ದಿರಿ. ರಾತ್ರಿಯಿಂದ ಆ ಸಾಲನ್ನು ಓದುತ್ತಾ ಕೂತಿದ್ದೇನೆ. ನನ್ನ ಮೇಲೆ ಕರುಣೆ ತೋರಿಸಿ ಇನ್ನೊಂದು ಸುಳ್ಳು ಬರೆಯುವುದಾದರೆ ಬರೆಯಲೇಬೇಡಿ.

ಆ ಎರಡು ದಿನ, ಅಕಾಂಗ್, ನೀವು ಅವಳನ್ನು ಹೆಸರು ಹಿಡಿದು ಕೂಗಿದಿರಾ?

ರುಕೋಯಾ